ಗಣಕಯಂತ್ರದ ಬಿಟ್ ಸಾಮರ್ಥ್ಯ ಮತ್ತು ತಂತ್ರಾಂಶಗಳ ಹೊಂದಾಣಿಕೆ

ಕಚೇರಿ, ಶಾಲೆ ಅಥವಾ ಮನೆಯ ಹಳೆಯ ಗಣಕಯಂತ್ರವನ್ನು ಬದಲಿಸಿದಾಗ ಅದುವರೆಗೆ ನೆಮ್ಮದಿಯಿಂದ ನಡೆಯುತ್ತಿದ್ದ ಕೆಲವು ತಂತ್ರಾಂಶಗಳು ಹೊಸ ಯಂತ್ರದಲ್ಲಿ ತೆರೆದುಕೊಳ್ಳುವುದೇ ಇಲ್ಲ. ವರ್ಷಗಟ್ಟಲೆ ಶ್ರಮದಿಂದ ಸಂಗ್ರಹಿಸಿದ ಕಡತಗಳು ಓದಲಾಗದ ಸ್ಥಿತಿಗೆ ಬರುವುದೂ ಉಂಟು. ಯಂತ್ರದ ದೋಷವೆಂದು ತೋರುವ ಈ ತೊಡಕಿನ ಮೂಲವು ಬಹುಪಾಲು ಸಂದರ್ಭಗಳಲ್ಲಿ ಯಂತ್ರ ಮತ್ತು ತಂತ್ರಾಂಶಗಳ ನಡುವಣ ಹೊಂದಾಣಿಕೆಯ ಕೊರತೆಯಲ್ಲಿರುತ್ತದೆ.

ಗಣಕವು ಬಲ್ಲದ್ದು ಸೊನ್ನೆ ಮತ್ತು ಒಂದು ಎಂಬ ಎರಡೇ ಅಂಕಿಗಳನ್ನು. ಇಂತಹ ಒಂದು ಅಂಕಿಯನ್ನು ಬಿಟ್ ಎಂದು ಕರೆಯಲಾಗುತ್ತದೆ. ಸಂಸ್ಕಾರಕವು ಎಷ್ಟು ಬಿಟ್‌ಗಳನ್ನು ಒಮ್ಮೆಗೆ ಒಂದು ಘಟಕವಾಗಿ ನಿರ್ವಹಿಸುತ್ತದೆಯೋ ಅದಕ್ಕನುಗುಣವಾಗಿ 8, 16, 32 ಅಥವಾ 64 ಬಿಟ್‌ಗಳ ಯಂತ್ರವೆನಿಸುತ್ತದೆ. ಲೆಕ್ಕದ ಪುಸ್ತಕದಲ್ಲಿ ಮೊತ್ತಕ್ಕೆಂದು ಮೂರೇ ಮನೆಗಳನ್ನು ಗೆರೆ ಎಳೆದಿದ್ದರೆ 999ಕ್ಕಿಂತ ದೊಡ್ಡ ಸಂಖ್ಯೆಯನ್ನು ಬರೆಯಲಾಗದು. ಇಲ್ಲಿಯೂ ಹಾಗೆಯೇ. 8 ಬಿಟ್‌ಗಳಲ್ಲಿ 256, 16 ಬಿಟ್‌ಗಳಲ್ಲಿ 65,536, 32 ಬಿಟ್‌ಗಳಲ್ಲಿ ಸುಮಾರು 429 ಕೋಟಿ ಬೇರೆ ಬೇರೆ ಸಂಖ್ಯೆಗಳನ್ನು ಗುರುತಿಸಬಹುದು. ಸ್ಮೃತಿಕೋಶದ ಪ್ರತಿಯೊಂದು ಸ್ಥಾನಕ್ಕೂ ಒಂದು ಸಂಖ್ಯೆ ಬೇಕಾದುದರಿಂದ, 32 ಬಿಟ್‌ಗಳ ವಿಳಾಸವು 4 ಗಿಗಾಬೈಟ್ ಸ್ಮೃತಿಯನ್ನಷ್ಟೇ ನೇರವಾಗಿ ತಲುಪಬಲ್ಲದು.

ಆದರೆ ಬಿಟ್‌ಗಳ ಸಂಖ್ಯೆ ಸಮನಾಗಿದ್ದ ಮಾತ್ರಕ್ಕೆ ಹೊಂದಾಣಿಕೆ ಏರ್ಪಡುವುದಿಲ್ಲ. ಪುಣೆಯಲ್ಲಿ 1988ರಲ್ಲಿ ಸ್ಥಾಪಿತವಾದ ಸಿ-ಡ್ಯಾಕ್ ಸಂಸ್ಥೆಯು ರೂಪಿಸಿದ ಪರಮ್ ಸೂಪರ್ ಕಂಪ್ಯೂಟರ್‌ಗಳೇ ಇದಕ್ಕೆ ನಿದರ್ಶನ. 1991ರ ಪರಮ್ 8000 ಯಂತ್ರದಲ್ಲಿ ಟ್ರಾನ್ಸ್‌ಪ್ಯೂಟರ್ ಎಂಬ 32 ಬಿಟ್ ಸಂಸ್ಕಾರಕಗಳಿದ್ದವು. ಅನಂತರದ ಪರಮ್ 9000ದಲ್ಲಿ ಬಳಸಲಾದ ಸೂಪರ್‌ಸ್ಪಾರ್ಕ್ ಕೂಡ 32 ಬಿಟ್‌ನದೇ. ಆದರೂ ಎರಡರ ಆದೇಶ ಭಾಷೆಗಳು ಬೇರೆ. ಒಂದಕ್ಕಾಗಿ ಸಿದ್ಧಗೊಂಡ ಯಂತ್ರಭಾಷೆಯ ಕ್ರಮವಿಧಿ ಇನ್ನೊಂದರಲ್ಲಿ ನಡೆಯದು. ಮೂಲ ಬರಹದಿಂದ ಅದನ್ನು ಮತ್ತೆ ಸಿದ್ಧಪಡಿಸಬೇಕು. 1998ರ ಪರಮ್ 10000 ಯಂತ್ರದ ಅಲ್ಟ್ರಾಸ್ಪಾರ್ಕ್ ಸಂಸ್ಕಾರಕ 64 ಬಿಟ್‌ನದಾಗಿದ್ದರೂ ಅದೇ ಸ್ಪಾರ್ಕ್ ಕುಲಕ್ಕೆ ಸೇರಿದ್ದರಿಂದ 32 ಬಿಟ್‌ನ ಹಿಂದಿನ ಆದೇಶಗಳನ್ನೂ ಅರಿಯುತ್ತಿತ್ತು. ಬಿಟ್‌ಗಿಂತ ಕುಲವೇ ಇಲ್ಲಿ ಮುಖ್ಯವಾಯಿತೆನ್ನಬಹುದು.

ಸಾಮಾನ್ಯ ಬಳಕೆಯ ವಿಂಡೋಸ್ ಯಂತ್ರಗಳಲ್ಲಿ ನಿಯಮ ಸ್ವಲ್ಪ ಸರಳ. 64 ಬಿಟ್ ವಿಂಡೋಸ್‌ನಲ್ಲಿ 32 ಬಿಟ್ ತಂತ್ರಾಂಶಗಳು ಸಾಮಾನ್ಯವಾಗಿ ನಡೆಯುತ್ತವೆ. ಡಾಸ್ ಕಾಲದ 16 ಬಿಟ್ ತಂತ್ರಾಂಶಗಳು ನಡೆಯುವುದಿಲ್ಲ. 32 ಬಿಟ್ ವಿಂಡೋಸ್‌ನಲ್ಲಿ 64 ಬಿಟ್ ತಂತ್ರಾಂಶವೂ ನಡೆಯದು. ಮುದ್ರಕ ಮೊದಲಾದ ಉಪಕರಣಗಳನ್ನು ನಿಯಂತ್ರಿಸುವ ಚಾಲಕ ತಂತ್ರಾಂಶಕ್ಕೆ ಈ ರಿಯಾಯಿತಿ ಇಲ್ಲ: 64 ಬಿಟ್ ವಿಂಡೋಸ್‌ಗೆ 64 ಬಿಟ್ ಚಾಲಕವೇ ಬೇಕು. ಸುಸ್ಥಿತಿಯಲ್ಲಿರುವ ಹಳೆಯ ಮುದ್ರಕವೊಂದು ಹೊಸ ಗಣಕದೊಡನೆ ಮೌನ ವಹಿಸುವುದಕ್ಕೆ ಹಲವು ವೇಳೆ ಇದೇ ಕಾರಣ. 2021ರಲ್ಲಿ ಬಂದ ವಿಂಡೋಸ್ 11ಕ್ಕೆ 32 ಬಿಟ್ ಆವೃತ್ತಿಯೇ ಇಲ್ಲ.

ಇನ್ನು ಕಡತಗಳ ವಿಚಾರ. ಕಡತವೆಂಬುದು ಸಂಖ್ಯೆಗಳ ಸಾಲು. ಅದು ಸಂಸ್ಕಾರಕದ ಬಿಟ್‌ಗಳಿಗೆ ಕಟ್ಟುಬಿದ್ದಿಲ್ಲ. ಆ ಸಂಖ್ಯೆ ಯಾವ ಅಕ್ಷರವನ್ನು ಸೂಚಿಸುತ್ತದೆಂಬುದು ತಿಳಿದಿರಬೇಕು, ಅಷ್ಟೆ. ಪುಣೆಯ ಸಿ-ಡ್ಯಾಕ್ ಬೆಳೆಸಿದ ಜಿಸ್ಟ್ ತಂತ್ರಜ್ಞಾನವು ಡಾಸ್ ಯಂತ್ರಗಳಲ್ಲಿ ಭಾರತೀಯ ಲಿಪಿಗಳನ್ನು ಮೂಡಿಸಿತು. ಇದಕ್ಕಾಗಿ ಯಂತ್ರದೊಳಗೆ ಒಂದು ಕಾರ್ಡನ್ನು ಸೇರಿಸಬೇಕಾಗಿತ್ತು. ಇಂದಿನ ಯಂತ್ರಗಳಲ್ಲಿ ಅದಕ್ಕೆ ತಕ್ಕ ಜಾಗವೇ ಇಲ್ಲ. ಆದರೆ ಅಕ್ಷರಗಳಿಗೆ 1991ರಲ್ಲಿ ಭಾರತೀಯ ಮಾನಕವಾದ ಇಸ್ಕಿ ಎಂಬ 8 ಬಿಟ್ ಸಂಕೇತವಿತ್ತು. ಅದರಲ್ಲಿ ಕನ್ನಡದ ‘ಕ’ ಮತ್ತು ಮರಾಠಿಯ ‘ಕ’ ಎರಡಕ್ಕೂ 179 ಎಂಬ ಒಂದೇ ಸಂಖ್ಯೆ. ಯೂನಿಕೋಡ್‌ನಲ್ಲಿ ಕನ್ನಡದ ‘ಕ’ 3221, ದೇವನಾಗರಿಯದು 2325. ಲಿಪಿ ಯಾವುದೆಂದು ತಿಳಿದಿದ್ದರೆ ಇಸ್ಕಿ ಕಡತವನ್ನು ಯೂನಿಕೋಡ್‌ಗೆ ಪರಿವರ್ತಿಸುವುದು ಸುಲಭಸಾಧ್ಯ.

ಅಕ್ಷರದ ಬದಲು ಅಕ್ಷರದ ಆಕೃತಿಗೆ, ಅಂದರೆ ತಲೆಕಟ್ಟು, ಒತ್ತು, ಕೊಂಬುಗಳಿಗೆ, ಸಂಖ್ಯೆ ನೀಡುವ ಫಾಂಟ್‌ಗಳಲ್ಲಿ ಬರೆದ ಕಡತಗಳ ಪಾಡು ಬೇರೆ. ಒಂದು ಫಾಂಟ್‌ನ ಕೊಂಬು ಇನ್ನೊಂದರಲ್ಲಿ ಬೇರೆಯೇ ಗುರುತಾಗಬಹುದು. ಆಯಾ ಫಾಂಟ್‌ಗೆಂದೇ ರಚಿಸಿದ ಪರಿವರ್ತಕವಿಲ್ಲದೆ ಇಂತಹ ಬರಹವನ್ನು ಉಳಿಸುವುದು ಕಷ್ಟ. ಆದಕಾರಣ ಹಳೆಯ ಯಂತ್ರವನ್ನು ವಿಲೇವಾರಿ ಮಾಡುವ ಮೊದಲು, ಅದು ಇನ್ನೂ ನಡೆಯುತ್ತಿರುವಾಗಲೇ, ಕಡತ ಯಾವ ತಂತ್ರಾಂಶದಲ್ಲಿ, ಯಾವ ಫಾಂಟ್‌ನಲ್ಲಿ ಸಿದ್ಧವಾಯಿತೆಂಬುದನ್ನು ಬರೆದಿಟ್ಟುಕೊಂಡು, ಫಾಂಟ್‌ನ ಪ್ರತಿಯನ್ನೂ ಕಡತದೊಡನೆ ಇರಿಸಿಕೊಳ್ಳುವುದು ಅಗತ್ಯ. ಒಂದೆರಡು ಪುಟಗಳನ್ನು ಕಾಗದದ ಮೇಲೆ ಮುದ್ರಿಸಿಟ್ಟುಕೊಂಡರೆ ಪರಿವರ್ತಿತ ಬರಹವನ್ನು ತಾಳೆ ನೋಡಲು ಅನುಕೂಲವಾಗುತ್ತದೆ.