ಧರ್ಮದ ಸ್ಥಾವರ, ಧರ್ಮದ ಜಂಗಮ

ಧರ್ಮ, ಸಾಹಿತ್ಯ, ಇತಿಹಾಸ, ಸಮಾಜ ಇವುಗಳನ್ನು ಬೇರೆ ಬೇರೆ ಶಾಸ್ತ್ರಗಳೆಂದು ಭಾವಿಸಿ ಅಭ್ಯಸಿಸುವುದು ಇಂದಿನ ವಿದ್ಯಾಪದ್ಧತಿ. ಆದರೆ ಕನ್ನಡ ನಾಡಿನ ಯಾವ ಸೀಮೆಯನ್ನು ಹೊಕ್ಕು ನೋಡಿದರೂ ಈ ನಾಲ್ಕೂ ಒಂದೇ ಹಗ್ಗದ ಎಳೆಗಳಂತೆ ಹೊಸೆದುಕೊಂಡಿರುವುದು ಕಾಣುತ್ತದೆ. ದೇವಾಲಯದ ಗೋಡೆ ಕಾವ್ಯವನ್ನು ಹೇಳುತ್ತದೆ. ಕಾವ್ಯ ಅರಸನ ಮತವನ್ನು ಹೇಳುತ್ತದೆ. ಅರಸನ ಶಾಸನ ಬೀದಿಯ ಜಗಳವನ್ನು ಹೇಳುತ್ತದೆ. ಆದುದರಿಂದ ಧರ್ಮದಿಂದ ಸಮಾಜಕ್ಕೆ ಒಳಿತಾಯಿತೆ, ಕೆಡುಕಾಯಿತೆ ಎಂಬ ಪ್ರಶ್ನೆಗೆ ಒಂದೇ ಮಾತಿನ ಉತ್ತರ ದೊರಕುವಂತಿಲ್ಲ. ಧರ್ಮವು ಯಾವ ರೂಪದಲ್ಲಿ, ಯಾರ ಕೈಯಲ್ಲಿ, ಯಾವ ನುಡಿಯಲ್ಲಿ ನಿಂತಿತ್ತು ಎಂಬುದನ್ನು ಮೊದಲು ವಿಚಾರಿಸಬೇಕಾಗುತ್ತದೆ.

ಈ ವಿಚಾರಕ್ಕೆ ಹನ್ನೆರಡನೆಯ ಶತಮಾನದ ಶರಣರು ಕೊಟ್ಟ ಎರಡು ಪದಗಳು ಒಳ್ಳೆಯ ಒರೆಗಲ್ಲಾಗಿವೆ: ಸ್ಥಾವರ ಮತ್ತು ಜಂಗಮ. ನೆಟ್ಟು ನಿಲ್ಲಿಸಿದುದು ಸ್ಥಾವರ. ಚೈತನ್ಯದಿಂದ ಚಲಿಸುವುದು ಜಂಗಮ. ಕಲ್ಲಿನ ಗುಡಿ ಮಾತ್ರವೇ ಸ್ಥಾವರವಲ್ಲ. ಅರಸನ ದತ್ತಿ, ಪೀಠದ ಮರ್ಯಾದೆ, ಪಂಡಿತನ ಪ್ರೌಢಿಮೆ ಇವೆಲ್ಲವೂ ಚಲನೆ ನಿಂತೊಡನೆ ಸ್ಥಾವರವೇ ಆಗುತ್ತವೆ. ಹಾಗೆಯೇ ಜನರ ನಾಲಗೆಯ ಮೇಲೆ ಆಡುವ ಮಾತು, ಕೈಯಿಂದ ಕೈಗೆ ಸಾಗುವ ವಿದ್ಯೆ, ನೆರೆಯವನೊಡನೆ ಬಾಳುವ ನಡತೆ ಇವು ಧರ್ಮದ ಜಂಗಮ ರೂಪಗಳು.

ಈ ಒರೆಗಲ್ಲಿಗೆ ತಿಕ್ಕಿ ನೋಡಲು ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ಮತ್ತು ನಾಗಮಂಗಲ ಈ ನಾಲ್ಕು ತಾಲ್ಲೂಕುಗಳಿಗಿಂತ ತಕ್ಕ ಸೀಮೆ ವಿರಳ. ನಾಗಮಂಗಲ ತಾಲ್ಲೂಕಿನ ಕಂಬದಹಳ್ಳಿಯಲ್ಲಿ ಗಂಗರ ಕಾಲದ ಪಂಚಕೂಟ ಬಸದಿಯಿದೆ. ಅದೇ ತಾಲ್ಲೂಕಿನ ಆದಿಚುಂಚನಗಿರಿಯಲ್ಲಿ ನಾಥಪಂಥದ ಕಾಲಭೈರವೇಶ್ವರನ ಸನ್ನಿಧಿಯಿದೆ. ಕೃಷ್ಣರಾಜಪೇಟೆ ತಾಲ್ಲೂಕಿನ ಕಿಕ್ಕೇರಿ, ಗೋವಿಂದನಹಳ್ಳಿಗಳಲ್ಲಿ ಹೊಯ್ಸಳರ ಕಾಲದ ಶಿವಾಲಯಗಳೂ ಹೊಸಹೊಳಲಿನಲ್ಲಿ ಲಕ್ಷ್ಮೀನಾರಾಯಣ ದೇವಾಲಯವೂ ಇವೆ. ಪಾಂಡವಪುರ ತಾಲ್ಲೂಕಿನ ತೊಣ್ಣೂರು, ಮೇಲುಕೋಟೆಗಳು ರಾಮಾನುಜರ ಹೆಸರಿನೊಡನೆ ಬೆಸೆದುಕೊಂಡಿವೆ. ಶ್ರೀರಂಗಪಟ್ಟಣದ ಕೋಟೆಯೊಂದರಲ್ಲಿಯೇ ರಂಗನಾಥ, ಗಂಗಾಧರೇಶ್ವರ, ನರಸಿಂಹರ ಗುಡಿಗಳೂ ಟಿಪ್ಪೂ ಸುಲ್ತಾನನ ಕಾಲದ ಜುಮ್ಮಾ ಮಸೀದಿಯೂ ನಿಂತಿವೆ.

ಮೊದಲು ಸಾಹಿತ್ಯದ ಮಾತು. ಹದಿಮೂರನೆಯ ಶತಮಾನದ ಹೊಸಹೊಳಲು ದೇವಾಲಯದ ಅಧಿಷ್ಠಾನವನ್ನು ಪ್ರದಕ್ಷಿಣೆ ಬರುವವನು ಆನೆ ಕುದುರೆಗಳ ಪಟ್ಟಿಕೆಗಳ ಮೇಲೆ ರಾಮಾಯಣ, ಭಾರತ, ಭಾಗವತಗಳ ಕಥೆಗಳನ್ನು ಸಾಲಾಗಿ ಕಾಣುತ್ತಾನೆ. ಓಲೆಗರಿ ಎಲ್ಲರ ಕೈಗೆಟುಕದಿದ್ದ ಕಾಲದಲ್ಲಿ ಅಕ್ಷರವರಿಯದ ಒಕ್ಕಲಿಗನಿಗೂ ಕುಂಬಾರನಿಗೂ ಅದೇ ಪುರಾಣ ಪುಸ್ತಕ. ಸ್ಥಾವರವೆಂದು ಕಲ್ಲನ್ನು ಹಳಿಯುವವರು ಈ ಉಪಕಾರವನ್ನು ಮರೆಯಲಾಗದು. ಕಿಕ್ಕೇರಿಯ ಬ್ರಹ್ಮೇಶ್ವರ ದೇವಾಲಯವನ್ನು 1171ರಲ್ಲಿ ಕಟ್ಟಿಸಿದವಳು ಬಮ್ಮವೆ ನಾಯಕಿತಿ ಎಂಬ ಹೆಣ್ಣುಮಗಳು. ಕಲ್ಯಾಣದಲ್ಲಿ ಅಕ್ಕಮಹಾದೇವಿ, ಮುಕ್ತಾಯಕ್ಕ, ಲಕ್ಕಮ್ಮ ಮೊದಲಾದ ಶರಣೆಯರು ನುಡಿಯಲ್ಲಿ ತಮ್ಮ ಭಕ್ತಿಯನ್ನು ಮೂಡಿಸಿದುದೂ ಅದೇ ಶತಮಾನದಲ್ಲಿ. ಒಬ್ಬಳಿಗೆ ಕಲ್ಲು ಮಾಧ್ಯಮವಾಯಿತು, ಇನ್ನೊಬ್ಬರಿಗೆ ಮಾತು. ಆದರೆ ಒಂದು ಭೇದವುಂಟು. ಗುಡಿ ಕಟ್ಟಿಸಲು ನಾಯಕಿತಿಯ ಸಿರಿ ಬೇಕು. ವಚನ ನುಡಿಯಲು ಅಕ್ಕಿ ಆಯುವ ಕಾಯಕದ ಲಕ್ಕಮ್ಮನಿಗೂ ಅಡ್ಡಿಯಿರಲಿಲ್ಲ.

ಇದೇ ಭೇದವು ಐದು ಶತಮಾನಗಳ ತರುವಾಯ ಶ್ರೀರಂಗಪಟ್ಟಣದಲ್ಲಿ ಮತ್ತೊಂದು ಬಗೆಯಲ್ಲಿ ಗೋಚರಿಸುತ್ತದೆ. 1673ರಿಂದ 1704ರವರೆಗೆ ಆಳಿದ ಚಿಕ್ಕದೇವರಾಜ ಒಡೆಯರ ಆಸ್ಥಾನ ಶ್ರೀವೈಷ್ಣವ ಸಾಹಿತ್ಯದ ನೆಲೆವೀಡಾಗಿತ್ತು. ಮಂತ್ರಿಯಾದ ತಿರುಮಲಾರ್ಯನು ‘ಚಿಕದೇವರಾಜ ವಿಜಯ’ವನ್ನು ರಚಿಸಿದನು. ಚಿಕ್ಕುಪಾಧ್ಯಾಯನು ಕ್ಷೇತ್ರಮಾಹಾತ್ಮ್ಯಗಳನ್ನು ಒಂದರ ಮೇಲೊಂದರಂತೆ ಕನ್ನಡಕ್ಕೆ ತಂದನು. ಸಿಂಗರಾರ್ಯನ ‘ಮಿತ್ರವಿಂದಾ ಗೋವಿಂದ’ ಕನ್ನಡದಲ್ಲಿ ಉಪಲಬ್ಧವಿರುವ ಮೊದಲ ನಾಟಕವೆಂದು ಮಾನ್ಯವಾಗಿದೆ. ಅರಸನ ಮತನಿಷ್ಠೆಯು ಕನ್ನಡ ಸಾಹಿತ್ಯಕ್ಕೆ ಪೋಷಣೆಯನ್ನಿತ್ತಿತು ಎಂಬುದು ನಿರ್ವಿವಾದ. ಆದರೂ ಈ ಕೃತಿರಾಶಿಯಲ್ಲಿ ಬಹುಪಾಲು ಇಂದು ಸಾಹಿತ್ಯ ಚರಿತ್ರೆಯ ಪುಟಗಳಲ್ಲಿ ಹೆಸರಾಗಿ ಮಾತ್ರ ಉಳಿದಿದೆ.

ಜನರ ನೆನಪಿನಲ್ಲಿ ಉಳಿದವಳು ಅದೇ ಅರಮನೆಯ ಊಳಿಗದವಳಾದ ಹೊನ್ನಮ್ಮ. ಯಳಂದೂರಿನಿಂದ ಬಂದು, ತಾಂಬೂಲದ ಸಂಚಿ ಹಿಡಿಯುವ ಕೆಲಸದಲ್ಲಿದ್ದುದರಿಂದ ಆಕೆಗೆ ಸಂಚಿಯ ಹೊನ್ನಮ್ಮನೆಂದೇ ಹೆಸರಾಯಿತು. ಆಕೆಯ ‘ಹದಿಬದೆಯ ಧರ್ಮ’ ಪತಿವ್ರತೆಯ ನಡತೆಯನ್ನು ಬೋಧಿಸುವ ಕೃತಿ. ಅದರ ಬಹುಭಾಗ ಸ್ಮೃತಿ ಪುರಾಣಗಳ ಹಾದಿಯಲ್ಲಿಯೇ ನಡೆಯುತ್ತದೆ. ಆದರೆ ಆ ಚೌಕಟ್ಟಿನೊಳಗೇ ನಿಂತು, ಹೆತ್ತು ಸಾಕುವವಳು ಹೆಣ್ಣೇ ಆಗಿರುವಾಗ ಹೆಣ್ಣೆಂದು ಹಳಿಯುವವರನ್ನು ಆಕೆ ತಡೆದು ಕೇಳುತ್ತಾಳೆ. ಹಾಡಿಕೊಳ್ಳಲು ಒದಗುವ ಸಾಂಗತ್ಯದಲ್ಲಿ, ಮನೆಯಂಗಳದ ನುಡಿಯಲ್ಲಿ ಬಂದ ಆ ಪ್ರಶ್ನೆ ಅರಮನೆಯ ಗೋಡೆಯನ್ನು ದಾಟಿ ಶಾಲೆಯ ಪಠ್ಯಕ್ಕೂ ಬಂದಿತು. ಇದನ್ನು ವೈಷ್ಣವ ಸಾಹಿತ್ಯದ ದೋಷವೆಂದು ಮಾತ್ರ ಎಣಿಸಲಾಗದು. ಅದೇ ಶತಮಾನದ ವೀರಶೈವ ಕವಿ ಷಡಕ್ಷರದೇವನ ‘ರಾಜಶೇಖರ ವಿಳಾಸ’, ‘ವೃಷಭೇಂದ್ರ ವಿಜಯ’ಗಳು ಪಾಂಡಿತ್ಯದಲ್ಲಿ ಅಸದೃಶವಾದರೂ ಅವುಗಳ ಚಂಪೂ ಬಂಧ ಸಾಮಾನ್ಯ ಭಕ್ತನಿಗೆ ಸುಲಭವಾಗಿ ಬಿಚ್ಚಿಕೊಳ್ಳುವುದಿಲ್ಲ.

ವಚನಗಳಿಗೂ ಒಮ್ಮೆ ಸ್ಥಾವರದ ಆಸರೆ ಬೇಕಾಯಿತೆಂಬುದನ್ನು ಇಲ್ಲಿ ನೆನೆಯಬೇಕು. ನಾಗಮಂಗಲದ ನೆರೆಯ ಕುಣಿಗಲ್ ತಾಲ್ಲೂಕಿನ ಎಡೆಯೂರಿನಲ್ಲಿ ನೆಲೆನಿಂತ ತೋಂಟದ ಸಿದ್ಧಲಿಂಗ ಯತಿಗಳು 701 ವಚನಗಳ ‘ಷಟ್‌ಸ್ಥಲ ಜ್ಞಾನಸಾರಾಮೃತ’ವನ್ನು ರಚಿಸಿದುದಲ್ಲದೆ, ಅವರ ಶಿಷ್ಯಪರಂಪರೆ ಹಳೆಯ ವಚನಗಳ ಸಂಕಲನಕ್ಕೂ ಶ್ರಮಿಸಿತು. ಮಠಗಳು ಓಲೆಯ ಕಟ್ಟುಗಳನ್ನು ಕಾಪಾಡದಿದ್ದರೆ ಆ ನುಡಿ ಇಂದಿಗೆ ದೊರೆಯುತ್ತಿರಲಿಲ್ಲ. ಆದರೆ ಕಟ್ಟಿನೊಳಗೆ ಪೂಜೆಗೊಳ್ಳುತ್ತಲೇ ಇದ್ದಿದ್ದರೆ ಆ ವಚನಗಳೂ ಸ್ಥಾವರವೇ ಆಗುತ್ತಿದ್ದವು. 1923ರಲ್ಲಿ ಫ. ಗು. ಹಳಕಟ್ಟಿಯವರು ‘ವಚನಶಾಸ್ತ್ರಸಾರ’ವನ್ನು ಅಚ್ಚು ಮಾಡಿಸಿದ ಮೇಲೆ ಅವು ಮತ್ತೆ ಜಂಗಮವಾದವು. ಕಾಪಾಡುವುದು ಸ್ಥಾವರದ ಕರ್ತವ್ಯ. ಹರಿಯಗೊಡುವುದು ಅದರ ಸಾರ್ಥಕ್ಯ.

ಇನ್ನು ಇತಿಹಾಸದ ಮಾತು. ಜೈನನಾಗಿದ್ದ ಬಿಟ್ಟಿದೇವನು ರಾಮಾನುಜರ ಪ್ರಭಾವದಿಂದ ವೈಷ್ಣವನಾಗಿ ವಿಷ್ಣುವರ್ಧನನೆನಿಸಿದನೆಂದು ಪರಂಪರೆ ಹೇಳುತ್ತದೆ. ಆದರೆ ಆತನ ರಾಣಿ ಶಾಂತಲೆ 1123ರಲ್ಲಿ ಶ್ರವಣಬೆಳಗೊಳದಲ್ಲಿ ಬಸದಿ ಕಟ್ಟಿಸಿದಳು. ದಂಡನಾಯಕ ಗಂಗರಾಜನು ಜೈನನಾಗಿಯೇ ಇದ್ದು ಗೊಮ್ಮಟನಿಗೆ ಸುತ್ತಾಲಯವನ್ನು ನಿರ್ಮಿಸಿದನು. ಅರಸನ ಮತ ಒಂದಾಗಿ ಅರಸಿಯ ಮತ ಬೇರೊಂದಾಗಿದ್ದರೂ ಒಂದೇ ರಾಜ್ಯ ನಡೆಯಿತು.

ಹಾಗೆಂದು ಎಲ್ಲ ಕಾಲದಲ್ಲಿಯೂ ಸೌಹಾರ್ದವೇ ಇತ್ತೆಂದು ಹೇಳುವುದು ಸತ್ಯಕ್ಕೆ ದೂರ. 1368ರಲ್ಲಿ ಜೈನರಿಗೂ ಶ್ರೀವೈಷ್ಣವರಿಗೂ ವಿವಾದವೆದ್ದು, ಜೈನರು ವಿಜಯನಗರದ ಬುಕ್ಕರಾಯನಿಗೆ ದೂರಿತ್ತರು. ಪಂಚಮಹಾವಾದ್ಯಗಳು ಮತ್ತು ಕಳಶ ಜೈನರಿಗೂ ಸಲ್ಲುವುದೆಂದು ತೀರ್ಪಿನಲ್ಲಿ ಸ್ಪಷ್ಟವಾಗಿ ಹೇಳಬೇಕಾಗಿ ಬಂದಿತು. ಶ್ರವಣಬೆಳಗೊಳದ ಆ ಶಾಸನದಲ್ಲಿ ತಿರುನಾರಾಯಣಪುರ, ಎಂದರೆ ಮೇಲುಕೋಟೆಯ ಆಚಾರ್ಯರೂ ಉಲ್ಲೇಖಿತರಾಗಿದ್ದಾರೆ. ಅರಸನು ಜೈನರ ಕೈಯನ್ನು ವೈಷ್ಣವರ ಕೈಯಲ್ಲಿರಿಸಿ, ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಸಾರಿದನು. ಮಾತಿಗೆ ನಿಲ್ಲದೆ, ಜೈನರ ಮನೆಗೆ ಒಂದು ಹಣದಂತೆ ಎತ್ತಿ ಗೊಮ್ಮಟನ ಸನ್ನಿಧಿಗೆ ಇಪ್ಪತ್ತು ಮಂದಿ ಕಾವಲಿನವರನ್ನು ನೇಮಿಸಿ, ಉಳಿದ ಹಣದಲ್ಲಿ ಜೀರ್ಣವಾದ ಬಸದಿಗಳನ್ನು ದುರಸ್ತಿ ಮಾಡಿಸಬೇಕೆಂದೂ ವಿಧಿಸಿದನು. ಆ ಹೊಣೆ ಬಿದ್ದುದು ವೈಷ್ಣವನಾದ ತಿರುಮಲೆಯ ತಾತಯ್ಯನ ಮೇಲೆ. ನೆರೆಯವನ ಗುಡಿಯ ಕಾವಲು ತನ್ನ ಕರ್ತವ್ಯವೆಂಬ ನೀತಿ ಇಲ್ಲಿ ಆಡಳಿತದ ಕಟ್ಟಳೆಯೇ ಆಯಿತು.

ವೀರಶೈವರ ಪಾಲಿಗೂ ಇಂಥ ಪರೀಕ್ಷೆ ಬಂದಿತ್ತು. ಹಳೇಬೀಡಿನ ಪಾರ್ಶ್ವನಾಥ ಬಸದಿಯ ಕಂಬಗಳ ಮೇಲೆ ಹುಚ್ಚಪ್ಪದೇವನೆಂಬವನು ಲಿಂಗಮುದ್ರೆ ಹಾಕಿದುದರಿಂದ ಎದ್ದ ಕಲಹವು 1638ರಲ್ಲಿ ಇತ್ಯರ್ಥವಾಯಿತು. ಜೈನರು ಮೊದಲು ವಿಭೂತಿ ವೀಳ್ಯಗಳನ್ನಿತ್ತು ಬಳಿಕ ತಮ್ಮ ಪೂಜೆಯನ್ನು ಎಂದಿನಂತೆ ನಡೆಸಬಹುದೆಂದು ಮಹಾಮಹತ್ತಿನವರು ಗೊತ್ತುಪಡಿಸಿದರು. ಜಿನಧರ್ಮಕ್ಕೆ ಕೇಡು ಬಗೆದವನು ಶಿವನಿಗೂ ಜಂಗಮಕ್ಕೂ ದ್ರೋಹಿಯೆಂದೂ ಅವರು ವಿಧಿಸಿದರು. ಮೊದಲ ಷರತ್ತಿನಲ್ಲಿ ಬಲದ ಛಾಯೆಯಿದೆ. ಎರಡನೆಯ ಮಾತಿನಲ್ಲಿ ವಿವೇಕದ ಬೆಳಕಿದೆ. ಎರಡನ್ನೂ ಒಟ್ಟಿಗೆ ಓದುವುದೇ ಪ್ರಾಮಾಣಿಕ ಇತಿಹಾಸ.

ಮತಕಲಹವೆಂದು ಕಾಣುವುದೆಲ್ಲ ಮತಕಲಹವೇ ಆಗಿರುವುದಿಲ್ಲ. ಚಿಕ್ಕದೇವರಾಜರ ಕಾಲದಲ್ಲಿ ಜಂಗಮರ ಹತ್ಯೆ ನಡೆದು ಮಠಗಳು ನಾಶವಾದವೆಂದು 1810ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ವಿಲ್ಕ್ಸ್ ಬರೆದಿದ್ದಾನೆ. ವಿವರಗಳ ಬಗ್ಗೆ ಇತಿಹಾಸಕಾರರಲ್ಲಿ ಭಿನ್ನಾಭಿಪ್ರಾಯವುಂಟು. ಆದರೆ ಆ ವೃತ್ತಾಂತದ ಮೂಲದಲ್ಲಿರುವುದು ದೇವರ ವಿಚಾರವಲ್ಲ, ಕಂದಾಯದ ಭಾರ ತಾಳದೆ ಎದ್ದ ರೈತರ ಪ್ರತಿಭಟನೆ. ಹೊಟ್ಟೆಯ ಪ್ರಶ್ನೆಗೆ ಮತದ ಬಣ್ಣ ಬಳಿದರೆ ಪ್ರಶ್ನೆ ಬಗೆಹರಿಯದು, ದ್ವೇಷ ಮಾತ್ರ ಉಳಿಯುವುದು.

ಸಮಾಜದ ವಿಷಯಕ್ಕೆ ಬಂದರೆ ಮೇಲುಕೋಟೆಯ ಐತಿಹ್ಯವೊಂದು ಮನನೀಯವಾಗಿದೆ. ದಿಲ್ಲಿಯ ಸುಲ್ತಾನನ ಅರಮನೆಯಲ್ಲಿದ್ದ ಉತ್ಸವಮೂರ್ತಿಯನ್ನು ರಾಮಾನುಜರು ತಂದರೆಂದೂ, ಆ ಮೂರ್ತಿಯನ್ನಗಲಲಾರದೆ ಸುಲ್ತಾನನ ಮಗಳು ಹಿಂಬಾಲಿಸಿ ಬಂದು ದೇವರಲ್ಲಿ ಐಕ್ಯಳಾದಳೆಂದೂ, ದಾರಿಯಲ್ಲಿ ನೆರವಾದ ಅಸ್ಪೃಶ್ಯರೆನಿಸಿದ್ದವರಿಗೆ ಆಚಾರ್ಯರು ‘ತಿರುಕುಲದವರು’ ಎಂಬ ಹೆಸರನ್ನೂ ವರ್ಷದ ಕೆಲವು ದಿನ ದೇವಾಲಯ ಪ್ರವೇಶವನ್ನೂ ಇತ್ತರೆಂದೂ ಕಥೆ. ರಾಮಾನುಜರು 1137ರಲ್ಲಿ ದೇಹವಿಟ್ಟರೆಂದು ಪರಂಪರೆಯೇ ಹೇಳುತ್ತದೆ. ದಿಲ್ಲಿಯಲ್ಲಿ ಸುಲ್ತಾನರ ಆಳಿಕೆ ತೊಡಗಿದುದು 1206ರಲ್ಲಿ. ಆದುದರಿಂದ ಕಥೆ ಕಾಲಗಣನೆಗೆ ನಿಲ್ಲುವುದಿಲ್ಲ. ಆದರೆ ಅದು ಸಮಾಜದ ಹಂಬಲವನ್ನು ಹೇಳುತ್ತದೆ. ಬೀಬಿ ನಾಚ್ಚಿಯಾರೆಂಬ ಹೆಸರಿನಿಂದ ತುರುಕರ ಹೆಣ್ಣುಮಗಳಿಗೂ ದೇವರ ಪಾದದಲ್ಲಿ ಸ್ಥಾನವಿತ್ತ ಭಕ್ತಿ ಸಾಮಾನ್ಯವಾದುದಲ್ಲ. ಆದರೂ ಕೆಲವು ದಿನ ತೆರೆದ ಬಾಗಿಲು ಉಳಿದ ದಿನಗಳಲ್ಲಿ ಮುಚ್ಚಿಯೇ ಇತ್ತಲ್ಲವೆ? ಆಚಾರ್ಯನ ಕರುಣೆ ಜಂಗಮವಾಗಿ ಹೊರಟು, ಶತಮಾನಗಳ ಕಾಲ ಪದ್ಧತಿಯ ಸ್ಥಾವರವಾಗಿ ನಿಂತುಬಿಟ್ಟಿತು. 1950ರ ಜನವರಿ 26ರಂದು ಜಾರಿಗೆ ಬಂದ ಸಂವಿಧಾನದ 17ನೆಯ ಅನುಚ್ಛೇದ ಅಸ್ಪೃಶ್ಯತೆಯನ್ನು ನಿಷೇಧಿಸಬೇಕಾಯಿತು. ಜಾತಿಯ ಕಟ್ಟನ್ನು ಬಿಚ್ಚಲು ಹೊರಟ ಶರಣರ ಅನುಯಾಯಿಗಳಲ್ಲಿಯೂ ಒಳಪಂಗಡಗಳ ಗೋಡೆಗಳೆದ್ದಿವೆ ಎಂಬುದನ್ನು ನೆನೆದರೆ, ಅನ್ಯರನ್ನು ಮಾತ್ರ ಆಡಿಕೊಳ್ಳುವ ಎದೆ ಯಾರಿಗೂ ಉಳಿಯದು.

2024ರ ಸೆಪ್ಟೆಂಬರ್ ತಿಂಗಳಲ್ಲಿ ನಾಗಮಂಗಲ ಪಟ್ಟಣದಲ್ಲಿ ಗಣೇಶ ವಿಸರ್ಜನೆಯ ಮೆರವಣಿಗೆಯ ವೇಳೆ ಘರ್ಷಣೆಯೆದ್ದು ಅಂಗಡಿಗಳೂ ವಾಹನಗಳೂ ಬೆಂಕಿಗಾಹುತಿಯಾದವು. 1368ರಲ್ಲಿ ವಾದ್ಯ ಕಳಶಗಳ ಹಕ್ಕಿನ ಪ್ರಶ್ನೆಯೆದ್ದ ಸೀಮೆಯ ಮಗ್ಗುಲಲ್ಲಿಯೇ ಮೆರವಣಿಗೆಯ ವಿವಾದ ಇಂದಿಗೂ ತೀರಿಲ್ಲವೆಂಬುದು ಚಿಂತನೀಯ. ಅಂದು ಒಬ್ಬರ ಕೈ ಇನ್ನೊಬ್ಬರ ಕೈಯಲ್ಲಿರಿಸಲು ಅರಸನಿದ್ದ. ಇಂದು ಕಾನೂನಿದೆ, ಆದರೆ ಕೈ ಚಾಚಬೇಕಾದವರು ಜನರೇ.

ಇದಕ್ಕೆ ಈ ಸೀಮೆಯ ಸಾಹಿತ್ಯವೇ ಒಂದು ದಾರಿ ತೋರಿಸಿದೆ. ಪಂಪ ಪ್ರಶಸ್ತಿಯು 1991ರಲ್ಲಿ ಮೇಲುಕೋಟೆಯ ಪು. ತಿ. ನರಸಿಂಹಾಚಾರ್ಯರ ‘ಶ್ರೀಹರಿಚರಿತೆ’ಗೂ, 1992ರಲ್ಲಿ ಕೃಷ್ಣರಾಜಪೇಟೆ ತಾಲ್ಲೂಕಿನ ಅಕ್ಕಿಹೆಬ್ಬಾಳಿನಲ್ಲಿ ಜನಿಸಿದ ಎ. ಎನ್. ಮೂರ್ತಿರಾಯರ ‘ದೇವರು’ ಗ್ರಂಥಕ್ಕೂ ಸಂದಿತು. ಮೊದಲನೆಯದು ಭಕ್ತಕವಿಯ ಮಹಾಕಾವ್ಯ. ಎರಡನೆಯದು ದೇವರ ಅಸ್ತಿತ್ವವನ್ನೇ ಪ್ರಶ್ನಿಸುವ ವಿಚಾರವಾದಿಯ ಕೃತಿ. ಒಂದೇ ನುಡಿ ಎರಡನ್ನೂ ಹೆತ್ತಿತು. ಒಂದೇ ನಾಡು ಎರಡನ್ನೂ ಗೌರವಿಸಿತು. ನಂಬಿದವನಿಗೂ ಸಂದೇಹಿಸಿದವನಿಗೂ ಎಡೆಯಿರುವ ಈ ಮನೋಧರ್ಮ ಅನುಭವ ಮಂಟಪದ ಪ್ರಶ್ನೋತ್ತರಗಳ ಪರಂಪರೆಗೆ ಹೊರತಾದುದಲ್ಲ.

ಒಟ್ಟಿನಲ್ಲಿ, ಧರ್ಮವು ಸಾಹಿತ್ಯಕ್ಕೆ ನುಡಿಯನ್ನೂ ಇತಿಹಾಸಕ್ಕೆ ಸಾಕ್ಷಿಯನ್ನೂ ಸಮಾಜಕ್ಕೆ ಬಾಳಿನ ಕಟ್ಟನ್ನೂ ಇತ್ತಿದೆ. ಅದು ಅಧಿಕಾರದ ಆಸರೆಯಲ್ಲಿ ನಿಂತಾಗ ವೈಭವ ಪಡೆಯಿತು; ಜನರ ನಡೆನುಡಿಗೆ ಇಳಿದಾಗ ಆಯುಸ್ಸು ಪಡೆಯಿತು. ಗುಡಿ, ಬಸದಿ, ಮಸೀದಿ, ಮಠಗಳೆಲ್ಲವೂ ನೀರು ತುಂಬಿದ ಕೆರೆಗಳಂತೆ. ಏರಿ ಭದ್ರವಾಗಿರಬೇಕು, ನಿಜ. ಆದರೆ ತೂಬನ್ನು ತೆರೆಯದಿದ್ದರೆ ಕೆಳಗಿನ ಗದ್ದೆ ಒಣಗುತ್ತದೆ, ಮೇಲಿನ ನೀರು ಪಾಚಿಗಟ್ಟುತ್ತದೆ. ಏರಿಯನ್ನು ಕಾಯುವವರೇ ತೂಬನ್ನೂ ತೆರೆಯಬಲ್ಲವರಾದರೆ ಧರ್ಮದ ಸ್ಥಾವರವೂ ಜಂಗಮವಾಗುವುದು.