ರಂಗಶಿಕ್ಷಣವೂ ಕಾಯಕದ ಸಿದ್ಧತೆಯೇ

ಭೀಮಾತೀರದ ದೇವಣಗಾಂವದಿಂದ ಬಸವನ ಬಾಗೇವಾಡಿಯವರೆಗಿನ ನಮ್ಮ ಸೀಮೆಗೆ ನಾಟಕ ಹೊಸದಲ್ಲ. ಜಾತ್ರೆ ಬಂತೆಂದರೆ ಹಾರ್ಮೋನಿಯಂ ಮಾಸ್ತರರನ್ನು ಕರೆಸಿ ತಿಂಗಳುಗಟ್ಟಲೆ ತಾಲೀಮು ನಡೆಸುವ, ಬೆಳತನಕ ಕುಳಿತು ನೋಡುವ ಊರುಗಳಿವು. ಆದರೆ ಮನೆಯ ಮಗನೋ ಮಗಳೋ ‘ನಾಟಕವನ್ನೇ ಓದುತ್ತೇನೆ’ ಎಂದಾಗ ಹೆತ್ತವರು ಮೌನವಾಗುತ್ತಾರೆ. ಅದೂ ಒಂದು ವಿದ್ಯೆಯೇ? ಅದರಿಂದ ಹೊಟ್ಟೆ ತುಂಬೀತೇ? ಮನೆತನಕ್ಕೆ ಅದು ಒಪ್ಪುವುದೇ? ಇವು ನ್ಯಾಯವಾದ ಪ್ರಶ್ನೆಗಳು. ಸದ್ಭಕ್ತರು ಇವನ್ನು ತಿಳಿದು ವಿಚಾರಿಸಬೇಕೆಂಬುದೇ ಈ ಲೇಖನದ ಆಶಯ.

ಮೊದಲಿಗೆ ಮನೆತನದ ಪ್ರಶ್ನೆ. ಹನ್ನೆರಡನೆಯ ಶತಮಾನದ ಶರಣರ ಸಮೂಹದಲ್ಲಿ ರಂಗಕಲಾವಿದರೂ ಇದ್ದರು. ವೇಷ ತೊಟ್ಟು ಆಡುವ ಬಹುರೂಪಿ ಚೌಡಯ್ಯ, ಢಕ್ಕೆ ನುಡಿಸುವ ಢಕ್ಕೆಯ ಬೊಮ್ಮಣ್ಣ, ಕಿಳ್ಳೇಕೇತರ ವೃತ್ತಿಯ ಕಲಕೇತಯ್ಯ, ಜನರನ್ನು ನಗಿಸುವುದನ್ನೇ ಕಾಯಕವಾಗಿಸಿಕೊಂಡ ನಗೆಯ ಮಾರಿತಂದೆ, ಇವರೆಲ್ಲರೂ ವಚನಕಾರರು. ದೇವರ ಹಿಪ್ಪರಗಿಯ ಮಡಿವಾಳ ಮಾಚಯ್ಯನ ಬಟ್ಟೆ ತೊಳೆಯುವ ಕಾಯಕಕ್ಕೆ ಸಂದ ಗೌರವವೇ ಇವರ ಆಟಕ್ಕೂ ಸಂದಿತು. ವೇಷ ಹಾಕುವುದು ಹೀನವೆಂಬ ಭಾವನೆ ಶರಣರದಲ್ಲ. ಅದು ಬೇರೆಲ್ಲಿಂದಲೋ ನಮ್ಮೊಳಗೆ ಬಂದು ಸೇರಿದ್ದು.

ಮಠಗಳೂ ರಂಗಭೂಮಿಯನ್ನು ದೂರವಿಡಲಿಲ್ಲ. ಗದುಗಿನ ವೀರೇಶ್ವರ ಪುಣ್ಯಾಶ್ರಮದ ಪಂಚಾಕ್ಷರಿ ಗವಾಯಿಗಳು ಅಂಧ ವಿದ್ಯಾರ್ಥಿಗಳ ಅನ್ನ, ವಿದ್ಯೆಗಳಿಗೆ ಆಸರೆಯಾಗಿ ನಾಟಕ ಕಂಪನಿಯನ್ನೇ ನಡೆಸಿದರು. ಸಿರಿಗೆರೆಯ ಲಿಂಗೈಕ್ಯ ಶ್ರೀ ಶಿವಕುಮಾರ ಶಿವಾಚಾರ್ಯ ಸ್ವಾಮಿಗಳು ಸ್ವತಃ ನಾಟಕಗಳನ್ನು ರಚಿಸಿದರು. ಆ ಪರಂಪರೆಯನ್ನು ಬೆಳೆಸಿದ ಸಾಣೇಹಳ್ಳಿಯ ಶ್ರೀ ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮಿಗಳು 1997ರಲ್ಲಿ ‘ಶಿವಸಂಚಾರ’ ತಿರುಗಾಟವನ್ನು ಆರಂಭಿಸಿದರು. ಮುಂದೆ ಶ್ರೀ ಶಿವಕುಮಾರ ರಂಗಪ್ರಯೋಗಶಾಲೆಯನ್ನೂ ಸ್ಥಾಪಿಸಿದರು. ವೃತ್ತಿರಂಗಭೂಮಿಯಲ್ಲಿ ಏಣಗಿ ಬಾಳಪ್ಪನವರ ‘ಜಗಜ್ಯೋತಿ ಬಸವೇಶ್ವರ’ ನಾಟಕವು ಓದುಬರಹವಿಲ್ಲದವರಿಗೂ ಬಸವಣ್ಣನವರ ಬದುಕನ್ನು ತಲುಪಿಸಿತು.

ಹಾಗಾದರೆ ಇದಕ್ಕೆ ತರಗತಿಯೇಕೆ? ಜಾತ್ರೆಯ ನಾಟಕದಲ್ಲಿ ಮಾತು ಬಾಯಿಪಾಠವಾದರೆ ಅರ್ಧ ಕೆಲಸ ಮುಗಿದಂತೆ. ರಂಗಶಾಲೆಯಲ್ಲಿ ಕಲಿಕೆ ಉಸಿರಿನಿಂದ ಆರಂಭವಾಗುತ್ತದೆ. ಧ್ವನಿಯನ್ನು ಕೆಡಿಸಿಕೊಳ್ಳದೆ ಕೊನೆಯ ಸಾಲಿಗೆ ಮುಟ್ಟಿಸುವುದು, ದೇಹವನ್ನು ಹದಗೊಳಿಸುವುದು, ಪಾತ್ರದ ಮನಸ್ಸನ್ನು ಅರಿಯುವುದು, ಬೆಳಕು, ರಂಗಸಜ್ಜಿಕೆ, ವಸ್ತ್ರ, ಪ್ರಸಾಧನ, ನಿರ್ದೇಶನ, ನಾಟಕ ಸಾಹಿತ್ಯದ ಚರಿತ್ರೆ ಎಲ್ಲವೂ ಪಾಠಗಳೇ. ಸಮಕಾಲೀನ ರಂಗಭೂಮಿಯು ಇನ್ನೂ ಒಂದು ಹೆಜ್ಜೆ ಮುಂದಿಡುತ್ತದೆ. ಅಲ್ಲಿ ಬರೆದಿಟ್ಟ ನಾಟಕ ಇರಲೇಬೇಕೆಂದಿಲ್ಲ. ಭೀಮೆಯ ಪ್ರವಾಹ ಕಂಡ ಹಿರಿಯರ ನೆನಪು, ಗುಳೆ ಹೋದವರ ಮಾತು, ಒಂದು ವಚನದ ಸುತ್ತ ಎದ್ದ ಚರ್ಚೆ, ಇವುಗಳಿಂದಲೇ ತಂಡವು ಒಟ್ಟಾಗಿ ಕುಳಿತು ಪ್ರಯೋಗವನ್ನು ಕಟ್ಟುತ್ತದೆ. ಪ್ರತಿಯೊಬ್ಬರ ಅನುಭವವೂ ಅಲ್ಲಿ ಬಂಡವಾಳ. ಅನುಭವ ಮಂಟಪವನ್ನು ಬಲ್ಲ ನಮಗೆ ಈ ಕ್ರಮ ಪರಕೀಯವೆನಿಸದು.

ಕಲಿಯುವ ದಾರಿಗಳು ಹಲವು. ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣನವರು 1980ರಲ್ಲಿ ಆರಂಭಿಸಿದ ನೀನಾಸಮ್ ರಂಗಶಿಕ್ಷಣ ಕೇಂದ್ರ ಮತ್ತು ಸಾಣೇಹಳ್ಳಿಯ ರಂಗಪ್ರಯೋಗಶಾಲೆಗಳಲ್ಲಿ ಒಂದು ವರ್ಷದ ಡಿಪ್ಲೊಮಾ ಇದೆ. ರಾಷ್ಟ್ರೀಯ ನಾಟಕ ಶಾಲೆಯ ಬೆಂಗಳೂರು ಕೇಂದ್ರದ್ದೂ ಒಂದು ವರ್ಷದ ತರಬೇತಿ. 1959ರಲ್ಲಿ ಸ್ಥಾಪನೆಯಾದ ದೆಹಲಿಯ ಮೂಲ ಶಾಲೆಯದು ಮೂರು ವರ್ಷ. ವಿಶ್ವವಿದ್ಯಾಲಯದ ಪದವಿಯೇ ಬೇಕೆನ್ನುವವರಿಗೆ ಮೈಸೂರಿನ ಡಾ. ಗಂಗೂಬಾಯಿ ಹಾನಗಲ್ ಸಂಗೀತ ಮತ್ತು ಪ್ರದರ್ಶಕ ಕಲೆಗಳ ವಿಶ್ವವಿದ್ಯಾಲಯ, ಬೆಂಗಳೂರು ವಿಶ್ವವಿದ್ಯಾಲಯದ ಪ್ರದರ್ಶಕ ಕಲೆಗಳ ವಿಭಾಗ, ಹೈದರಾಬಾದ್ ವಿಶ್ವವಿದ್ಯಾಲಯದ ರಂಗಕಲಾ ವಿಭಾಗಗಳಿವೆ. ಪ್ರವೇಶಕ್ಕೆ ಅಂಕಪಟ್ಟಿಯೊಂದೇ ಸಾಲದು. ಬಹುತೇಕ ಕಡೆ ಸಂದರ್ಶನ ಹಾಗೂ ಅಭಿನಯದ ಪರೀಕ್ಷೆ ಇರುತ್ತದೆ. ಶಾಲೆಯಲ್ಲಿ, ಜಾತ್ರೆಯಲ್ಲಿ ಬಣ್ಣ ಹಚ್ಚಿದ ಅನುಭವ ಅಲ್ಲಿ ನೆರವಿಗೆ ಬರುತ್ತದೆ.

ಜೀವನೋಪಾಯದ ವಿಷಯದಲ್ಲಿ ಸತ್ಯವನ್ನೇ ನುಡಿಯಬೇಕು. ನಾಟಕ ಓದಿದವರಿಗೆ ನೌಕರಿಯ ಭರವಸೆ ಇಲ್ಲ. ರಂಗಾಯಣ, ಶಿವಸಂಚಾರ, ನೀನಾಸಮ್ ತಿರುಗಾಟಗಳಲ್ಲಿ ಸ್ಥಾನಗಳು ಕೆಲವೇ. ಸರ್ಕಾರಿ ಶಾಲೆಗಳಲ್ಲಿ ನಾಟಕ ಶಿಕ್ಷಕರ ಹುದ್ದೆಗಳು ಬೆರಳೆಣಿಕೆಯಷ್ಟು. ಹಲವರು ಮಕ್ಕಳ ಶಿಬಿರ, ಖಾಸಗಿ ಶಾಲೆ, ಧಾರಾವಾಹಿ, ಚಲನಚಿತ್ರಗಳನ್ನು ಆಶ್ರಯಿಸುತ್ತಾರೆ. ಆದ್ದರಿಂದ ಬೇರೊಂದು ಪದವಿಯನ್ನು ಮೊದಲು ಪೂರೈಸಿ, ಬಳಿಕ ಒಂದು ವರ್ಷದ ತರಬೇತಿಗೆ ಹೋಗುವುದು ಸಾಮಾನ್ಯ ಕುಟುಂಬಗಳಿಗೆ ಕ್ಷೇಮದ ದಾರಿ. ಬಿ.ಎಡ್. ಜೊತೆಗೆ ರಂಗಶಿಕ್ಷಣವನ್ನೂ ಪಡೆದ ಶಿಕ್ಷಕನ ತರಗತಿಯಲ್ಲಿ ಪಾಠ ಜೀವ ತಳೆಯುತ್ತದೆ.

ಹೆಣ್ಣುಮಕ್ಕಳ ಪಾಲಕರಿಗೆ ಒಂದು ಮಾತು. ಜಾತ್ರೆಯ ನಾಟಕಕ್ಕೆ ಪರಊರಿನಿಂದ ಕಲಾವಿದೆಯರನ್ನು ಕರೆಸಿ ಚಪ್ಪಾಳೆ ತಟ್ಟುವ ನಾವು, ನಮ್ಮ ಮಗಳ ಆಸೆಯನ್ನು ಮಾತ್ರ ಅವಮಾನವೆಂದು ಭಾವಿಸುವುದು ತರವಲ್ಲ. ವಸತಿ, ಸುರಕ್ಷತೆ, ಶುಲ್ಕಗಳನ್ನು ಸಂಸ್ಥೆಗೇ ಹೋಗಿ ವಿಚಾರಿಸಿರಿ, ಅಲ್ಲಿನ ಒಂದು ಪ್ರಯೋಗವನ್ನು ಕುಳಿತು ನೋಡಿರಿ, ಅನಂತರ ನಿರ್ಧರಿಸಿರಿ.

ಬಹುರೂಪಿ ಚೌಡಯ್ಯನಿಗೆ ಶರಣರು ಸಮಾನ ಪೀಠವಿತ್ತರು. ಬಣ್ಣದ ಬದುಕನ್ನು ಶ್ರದ್ಧೆಯಿಂದ ಕಲಿಯಹೊರಟ ಮಕ್ಕಳಿಗೆ ನಮ್ಮ ಮನೆಗಳಲ್ಲಿ ಕನಿಷ್ಠ ಕುಳಿತು ಮಾತನಾಡುವ ಅವಕಾಶವಾದರೂ ದೊರೆಯಲಿ.