ಹಸುಗೂಸಿನ ಕಣ್ಣಿಗೆ ಮೂವತ್ತು ದಿನದ ಗಡುವು

ನಿಮ್ಮ ಮನೆಯಲ್ಲೋ ನೆಂಟರಿಷ್ಟರಲ್ಲೋ ಏಳು, ಏಳೂವರೆ ತಿಂಗಳಿಗೇ ಹುಟ್ಟಿದ ಮಗುವೊಂದು ಇದ್ದೀತು. ಒಂದೂವರೆ ಕಿಲೋ ತೂಗುವ ಕೂಸು. ಎರಡು ಮೂರು ವಾರ ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿದ್ದು, ಆಮ್ಲಜನಕ ಪಡೆದು, ಅಂತೂ ಗೆದ್ದು ಮನೆಗೆ ಬರುತ್ತದೆ. ಬಂದವರೆಲ್ಲ ಕೇಳುವುದು 'ತೂಕ ಎಷ್ಟಾಯಿತು? ಹಾಲು ಕುಡಿಯುತ್ತಿದೆಯೇ?' ಎಂದು. ಕೇಳಬೇಕಾದ ಇನ್ನೊಂದು ಪ್ರಶ್ನೆಯುಂಟು: 'ಕಣ್ಣಿನ ಪರೀಕ್ಷೆ ಆಯಿತೇ?'

ಈ ಪ್ರಶ್ನೆಗೆ ಗಡುವು ಇದೆ. ಮಗು ಹುಟ್ಟಿ ಮೂವತ್ತು ದಿನ ತುಂಬುವುದರೊಳಗೆ ಮೊದಲ ಪರೀಕ್ಷೆ ಆಗಲೇಬೇಕು.

ಕಾರಣ ಕಣ್ಣಿನ ಹಿಂಭಾಗದಲ್ಲಿದೆ. ಅಲ್ಲಿ ಬೆಳಕನ್ನು ಗ್ರಹಿಸುವ ತೆಳುಪರದೆಯೇ ಅಕ್ಷಿಪಟಲ. ಅದಕ್ಕೆ ರಕ್ತ ಒದಗಿಸುವ ನಾಳಗಳು ಗರ್ಭದ ನಾಲ್ಕನೆಯ ತಿಂಗಳ ಹೊತ್ತಿಗೆ ನಡುಭಾಗದಿಂದ ಹೊರಟು ಅಂಚಿನ ಕಡೆಗೆ ಬೆಳೆಯತೊಡಗುತ್ತವೆ. ಅಂಚು ಮುಟ್ಟುವುದು ದಿನ ತುಂಬುವ ವೇಳೆಗೆ. ಮಗು ಮುಂಚೆಯೇ ಹುಟ್ಟಿದರೆ ಅವು ನಡುದಾರಿಯಲ್ಲೇ ನಿಂತುಬಿಡಬಹುದು. ರಕ್ತ ಸಿಗದ ಅಂಚಿನ ಭಾಗ ಆಗ ರಾಸಾಯನಿಕ ಸಂದೇಶ ಕಳುಹಿಸುತ್ತದೆ. ಅದಕ್ಕೆ ಓಗೊಟ್ಟು ಹೊಸ ನಾಳಗಳು ಹುಟ್ಟುತ್ತವೆ. ಆದರೆ ಇವು ದುರ್ಬಲ, ಅಡ್ಡಾದಿಡ್ಡಿ. ಸೋರುತ್ತವೆ, ಕಲೆಗಟ್ಟುತ್ತವೆ. ಆ ಕಲೆ ಕುಗ್ಗುವಾಗ ಅಕ್ಷಿಪಟಲವನ್ನೇ ಎಳೆದು ಕಳಚಿಹಾಕಬಹುದು. ವೈದ್ಯರು ಇದನ್ನು ಆರ್‌ಒಪಿ ಎಂದು ಕರೆಯುತ್ತಾರೆ.

ಹಾಗೆಂದು ಅವಧಿಗೆ ಮುನ್ನ ಹುಟ್ಟಿದ ಮಕ್ಕಳೆಲ್ಲ ಕುರುಡಾಗುತ್ತಾರೆಂದು ಗಾಬರಿಪಡಬೇಡಿ. ಎಷ್ಟೋ ಮಕ್ಕಳಲ್ಲಿ ಇದು ತಾನಾಗಿಯೇ ಸರಿಹೋಗುತ್ತದೆ. ಯಾವ ಮಗುವಿನಲ್ಲಿ ಸರಿಹೋಗುತ್ತದೆ, ಯಾವುದರಲ್ಲಿ ಉಲ್ಬಣಿಸುತ್ತದೆ ಎಂಬುದು ನೋಡಿದ ಹೊರತು ತಿಳಿಯದು. ಹೊರಗಿನಿಂದ ಕಣ್ಣು ಫಳಫಳ ಹೊಳೆಯುತ್ತಲೇ ಇರುತ್ತದೆ. ಪಾಪೆಯಲ್ಲಿ ಬಿಳುಪು ಕಾಣಿಸಿಕೊಂಡು ಮನೆಯವರು ಹೌಹಾರುವ ಹೊತ್ತಿಗೆ ಬಹುಪಾಲು ಕಾಲ ಮೀರಿರುತ್ತದೆ.

ಆಮ್ಲಜನಕ ಕೊಟ್ಟದ್ದರಿಂದಲೇ ಹೀಗಾಯಿತೆಂದು ಆಸ್ಪತ್ರೆಯವರ ಮೇಲೆ ಸಿಟ್ಟಾಗುವವರಿದ್ದಾರೆ. 1940ರ ದಶಕದಲ್ಲಿ ಅಮೆರಿಕ ಮುಂತಾದ ಕಡೆ ಅಳತೆಯಿಲ್ಲದೆ ಆಮ್ಲಜನಕ ಕೊಟ್ಟು ಸಾವಿರಾರು ಮಕ್ಕಳು ದೃಷ್ಟಿ ಕಳೆದುಕೊಂಡದ್ದು ನಿಜ. 1950ರಲ್ಲಿ ಹುಟ್ಟಿದ ಹೆಸರಾಂತ ಗಾಯಕ ಸ್ಟೀವಿ ವಂಡರ್ ದೃಷ್ಟಿ ಹೋದದ್ದು ಇದೇ ಕಾಯಿಲೆಯಿಂದ. ಆದರೆ ಆಮ್ಲಜನಕವಿಲ್ಲದೆ ಈ ಕೂಸುಗಳು ಬದುಕುವುದೇ ಕಷ್ಟ. ಈಗ ಪಲ್ಸ್ ಆಕ್ಸಿಮೀಟರ್ ನೋಡಿ ಅಳತೆಯಲ್ಲಿ ಕೊಡುತ್ತಾರೆ.

ನಮ್ಮಲ್ಲಿ ಜಿಲ್ಲಾ ಆಸ್ಪತ್ರೆಗಳಲ್ಲೂ ನವಜಾತ ಶಿಶುಗಳ ತೀವ್ರ ನಿಗಾ ಘಟಕಗಳು ಬಂದಿವೆ. ಹಿಂದೆ ಉಳಿಯದಿದ್ದ ಪುಟ್ಟ ಮಕ್ಕಳು ಉಳಿಯುತ್ತಿವೆ. 2020ರ ಒಂದು ಅಂದಾಜಿನಂತೆ ಭಾರತದಲ್ಲಿ ಆ ವರ್ಷ ಅವಧಿಗೆ ಮುನ್ನ ಹುಟ್ಟಿದ ಮಕ್ಕಳು ಸುಮಾರು 30 ಲಕ್ಷ. ಇಷ್ಟು ಮಕ್ಕಳ ಅಕ್ಷಿಪಟಲ ನೋಡಬಲ್ಲ ತಜ್ಞರು ಎಲ್ಲಿದ್ದಾರೆ? ಇರುವ ಕೆಲವರೂ ದೊಡ್ಡ ಊರುಗಳಲ್ಲಿದ್ದಾರೆ.

ಈ ತೊಡಕಿಗೆ ಕರ್ನಾಟಕದಲ್ಲೇ ಒಂದು ದಾರಿ ಹುಡುಕಿದರು. 2008ರಲ್ಲಿ ಬೆಂಗಳೂರಿನ ನಾರಾಯಣ ನೇತ್ರಾಲಯದಲ್ಲಿ, ಡಾ. ಆನಂದ್ ವಿನೇಕರ್ ಅವರ ಮುಂದಾಳತ್ವದಲ್ಲಿ, 'ಕಿಡ್‌ರಾಪ್' ಎಂಬ ಯೋಜನೆ ಶುರುವಾಯಿತು. ಮುಂದೆ ಸರ್ಕಾರದ ಆರೋಗ್ಯ ಇಲಾಖೆಯೂ ಕೈಜೋಡಿಸಿತು. ತಜ್ಞರು ಊರೂರು ತಿರುಗುವುದಿಲ್ಲ. ತರಬೇತಿ ಪಡೆದ ತಂತ್ರಜ್ಞರು ಸಾಗಿಸಬಹುದಾದ ವಿಶೇಷ ಕ್ಯಾಮೆರಾವನ್ನು ವಾಹನದಲ್ಲಿಟ್ಟುಕೊಂಡು ಗೊತ್ತಾದ ದಿನ ಗೊತ್ತಾದ ಆಸ್ಪತ್ರೆಗೆ ಹೋಗುತ್ತಾರೆ, ಮಗುವಿನ ಅಕ್ಷಿಪಟಲದ ಚಿತ್ರ ತೆಗೆಯುತ್ತಾರೆ. ಚಿತ್ರ ಇಂಟರ್‌ನೆಟ್ ಮೂಲಕ ಬೆಂಗಳೂರಿಗೆ. ತಜ್ಞರು ಕಂಪ್ಯೂಟರಿನಲ್ಲೋ ಕೈಯಲ್ಲಿರುವ ಸ್ಮಾರ್ಟ್‌ಫೋನಿನಲ್ಲೋ ಅದನ್ನು ನೋಡಿ ವರದಿ ಕಳಿಸುತ್ತಾರೆ. ತಂತ್ರಜ್ಞರೂ ಬರಿಯ ಫೋಟೋ ತೆಗೆಯುವವರಲ್ಲ. ಸಂಚಾರದ ದೀಪಗಳಂತೆ ಕೆಂಪು, ಕಿತ್ತಳೆ, ಹಸಿರು ಎಂದು ಮಕ್ಕಳನ್ನು ವಿಂಗಡಿಸಲು ಅವರಿಗೆ ಕಲಿಸಲಾಗಿದೆ. ಕೆಂಪು ಎಂದರೆ ಚಿಕಿತ್ಸೆ ಬೇಕಾದೀತು. ಕಿತ್ತಳೆ ಎಂದರೆ ಮತ್ತೆ ನೋಡಬೇಕು. ಮೊಬೈಲಿನಿಂದ ಆರೋಗ್ಯಕ್ಕೆ ಏನು ಲಾಭ ಎಂದು ಕೇಳುವವರಿಗೆ ನಾನು ಮೊದಲು ಹೇಳುವ ಉದಾಹರಣೆ ಇದೇ.

'ಹಾಗಾದರೆ ನಾವೇ ಫೋನಿನಲ್ಲಿ ಕಣ್ಣಿನ ಫೋಟೋ ತೆಗೆದು ವಾಟ್ಸಾಪ್ ಮಾಡಬಹುದಲ್ಲ?' ಆಗದು. ಸಾಮಾನ್ಯ ಫೋನಿನ ಫೋಟೋದಲ್ಲಿ ಪಾಪೆಯ ಹಿಂದಿರುವುದು ಕಾಣುವುದಿಲ್ಲ. ಪಾಪೆ ಹಿಗ್ಗಿಸುವ ಹನಿ ಹಾಕಿ, ನೋವಾಗದಂತೆ ಇನ್ನೊಂದು ಹನಿ ಹಾಕಿ, ರೆಪ್ಪೆಗಳನ್ನು ಸಣ್ಣ ಸಾಧನದಿಂದ ಅಗಲಿಸಿ ನೋಡಬೇಕು. ಮಗು ಅಳುತ್ತದೆ, ಎತ್ತಿಕೊಂಡ ತಾಯಿಯೂ ಅತ್ತುಬಿಡುತ್ತಾಳೆ. ಕೆಲವೇ ನಿಮಿಷದ ಕೆಲಸ ಅದು. ರೆಪ್ಪೆ ಸ್ವಲ್ಪ ಕೆಂಪಾದರೂ ಬೇಗ ಇಳಿಯುತ್ತದೆ. ವಾಂತಿಯಾಗದಿರಲಿ ಎಂದು ಪರೀಕ್ಷೆಗೆ ತೀರಾ ಮುಂಚೆ ಹಾಲು ಕುಡಿಸಬಾರದು.

ಇಷ್ಟೆಲ್ಲ ಅನುಕೂಲವಿದ್ದೂ ಮಗು ತಪ್ಪಿಹೋಗುವುದು ಎಲ್ಲಿ ಗೊತ್ತೇ? ಆಸ್ಪತ್ರೆಯ ಬಾಗಿಲಿನಾಚೆ. ಪರೀಕ್ಷೆಯ ದಿನ ಬರುವ ಮೊದಲೇ ಮಗು ಬಿಡುಗಡೆಯಾಗಿರುತ್ತದೆ. ಬಾಣಂತಿ ತವರಿಗೆ ಹೋಗಿರುತ್ತಾಳೆ, ಅದು ಬೇರೆ ತಾಲ್ಲೂಕು. ಆಸ್ಪತ್ರೆಯಲ್ಲಿ ಬರೆಸಿದ್ದು ಗಂಡನ ಫೋನ್ ನಂಬರು. ಕರೆ ಬಂದಾಗ ಆತ ಕೆಲಸದಲ್ಲಿರುತ್ತಾನೆ, 'ಆಮೇಲೆ ಹೇಳಿದರಾಯಿತು' ಎಂದುಕೊಳ್ಳುತ್ತಾನೆ. ಹೇಳಿದರೂ ಅಜ್ಜಿ ಒಪ್ಪಬೇಕು. 'ತಿಂಗಳು ತುಂಬದ ಕೂಸನ್ನು ಹೊಸಿಲು ದಾಟಿಸುವುದೇ?' ಎನ್ನುತ್ತಾರೆ. ಅಜ್ಜಿಯ ಮಾತಿನಲ್ಲಿ ಹುರುಳಿಲ್ಲದಿಲ್ಲ. ಚಳಿ, ಸೋಂಕಿನಿಂದ ಕೂಸನ್ನು ಕಾಪಾಡಲು ಹುಟ್ಟಿದ ಪದ್ಧತಿ ಅದು. ಆದರೆ ಈ ಒಂದು ಕೆಲಸಕ್ಕೆ ಬೆಚ್ಚಗೆ ಸುತ್ತಿ, ತಾಯಿಯ ಎದೆಗೊರಗಿಸಿಕೊಂಡು ಹೋಗಿಬನ್ನಿ.

ಆದ್ದರಿಂದ ಬಿಡುಗಡೆಯ ದಿನವೇ ತಾಯಿ ಕೈಯಲ್ಲಿರುವ ಫೋನಿನ ನಂಬರು, ತವರಿನ ಒಂದು ನಂಬರು, ಎರಡನ್ನೂ ಬರೆಸಿ. ಕಣ್ಣಿನ ಪರೀಕ್ಷೆಯ ದಿನಾಂಕವನ್ನು ತಾಯಿ ಕಾರ್ಡಿನ ಮೇಲೆ ದೊಡ್ಡದಾಗಿ ಬರೆಸಿಕೊಳ್ಳಿ, ಫೋನಿನಲ್ಲೂ ಅಲಾರಂ ಇಡಿ. ತವರಿನ ಹತ್ತಿರ ಈ ಪರೀಕ್ಷೆ ಎಲ್ಲಿದೆ ಎಂದೂ ಆಗಲೇ ಕೇಳಿ.

ಯಾರಿಗೆ ಬೇಕು? 34 ವಾರಕ್ಕೆ ಮುಂಚೆ ಹುಟ್ಟಿದ ಅಥವಾ 2 ಕಿಲೋಗಿಂತ ಕಡಿಮೆ ತೂಕದ ಎಲ್ಲ ಮಕ್ಕಳಿಗೂ ಬೇಕು. 34ರಿಂದ 36 ವಾರದ ನಡುವೆ ಹುಟ್ಟಿದರೂ ಆಮ್ಲಜನಕ, ಸೋಂಕು, ರಕ್ತಪೂರಣ ಎಂದು ತೊಂದರೆಪಟ್ಟಿದ್ದರೆ ಬೇಕು. 28 ವಾರಕ್ಕೂ ಮುಂಚೆ ಹುಟ್ಟಿದ ಅಥವಾ 1200 ಗ್ರಾಮಿಗಿಂತ ಹಗುರವಿದ್ದ ಕೂಸಿಗೆ ಎರಡು ಮೂರು ವಾರದಲ್ಲೇ ಆಗಬೇಕು. ಮೊದಲ ಸಲ ಏನೂ ಕಾಣಲಿಲ್ಲವೆಂದು ನಿಲ್ಲಿಸಬೇಡಿ; ರಕ್ತನಾಳಗಳು ಅಂಚು ಮುಟ್ಟಿದವೆಂದು ವೈದ್ಯರು ಹೇಳುವವರೆಗೆ ಅವರು ಕರೆದಾಗಲೆಲ್ಲ ಹೋಗಿ.

ಚಿಕಿತ್ಸೆ ಬೇಕೆಂದರೆ ಎರಡು ಮೂರು ದಿನದೊಳಗೆ ಆಗಬೇಕು. 'ಅಮಾವಾಸ್ಯೆ ಕಳೆಯಲಿ' ಎನ್ನುವಂತಿಲ್ಲ. ರಕ್ತ ಸಿಗದ ಅಂಚಿಗೆ ಲೇಸರ್ ಕಿರಣ ಹಾಯಿಸಿ ಆ ಕೆಟ್ಟ ಸಂದೇಶವನ್ನೇ ನಿಲ್ಲಿಸುತ್ತಾರೆ. ಕೆಲವು ಮಕ್ಕಳಿಗೆ ಕಣ್ಣಿನೊಳಗೆ ಚುಚ್ಚುಮದ್ದು ಕೊಡುವುದುಂಟು. ಅಂಥವರಲ್ಲಿ ಕಾಯಿಲೆ ತಡವಾಗಿ ಮರುಕಳಿಸಬಹುದಾದ್ದರಿಂದ ಹೆಚ್ಚು ಕಾಲ ಕಾಯ್ದು ನೋಡಬೇಕು. ಸರ್ಕಾರದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪಟ್ಟಿಯಲ್ಲಿ ಈ ಕಾಯಿಲೆ ಸೇರಿದೆ. ಖರ್ಚಿಗೆ ಹೆದರಿ ಮನೆಯಲ್ಲೇ ಕೂರಬೇಡಿ, ಜಿಲ್ಲಾ ಆಸ್ಪತ್ರೆಯಲ್ಲೋ ಆಶಾ ಕಾರ್ಯಕರ್ತೆಯನ್ನೋ ವಿಚಾರಿಸಿ. ಚಿಕಿತ್ಸೆ ಪಡೆದ ಮಕ್ಕಳಲ್ಲಿ ಮುಂದೆ ಸಮೀಪದೃಷ್ಟಿ, ಮಾಲುಗಣ್ಣು ಬರುವ ಸಂಭವ ಹೆಚ್ಚು. ಮೊದಲ ವರ್ಷದಲ್ಲೊಮ್ಮೆ, ಶಾಲೆಗೆ ಸೇರಿಸುವ ಮುನ್ನ ಮತ್ತೊಮ್ಮೆ ತೋರಿಸಿ; ಪುಟ್ಟ ಮಗುವಿಗೆ ಕನ್ನಡಕ ಬರೆದುಕೊಟ್ಟರೆ ಬೇಸರಪಡದೆ ಹಾಕಿಸಿ.